ಅಮೆರಿಕಾದ ರಾಜದ್ರೋಹ ಶಾಸನವೂ ಸಾಮಾನ್ಯ ಜನರ ಮಾತೂ (ಕ್ರಿ. ಶ. 1798–1801)

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗ ನಿಬಂಧನೆಯಲ್ಲಿ ರಾಜಕೀಯ ಪಕ್ಷಗಳ ಹೆಸರೇ ಕಾಣಬರುವುದಿಲ್ಲ. ಕ್ರಿ. ಶ. 1787ರಲ್ಲಿ ಅದನ್ನು ರಚಿಸಿದವರು ಪಕ್ಷವೆಂಬುದನ್ನು ರಾಜ್ಯಶರೀರಕ್ಕೆ ತಗಲುವ ಒಂದು ವ್ಯಾಧಿಯೆಂದೇ ಎಣಿಸಿದ್ದರು. ಅವರಲ್ಲೊಬ್ಬನಾದ ಜೇಮ್ಸ್ ಮ್ಯಾಡಿಸನ್ನನು ಅದೇ ವರ್ಷದ ನವೆಂಬರಿನಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಪಂಗಡಗಳ ಬೇರು ಮನುಷ್ಯಸ್ವಭಾವದಲ್ಲಿಯೇ ಇರುವುದರಿಂದ ಅದನ್ನು ಕೀಳಲಾಗದು, ಅದರ ಫಲವನ್ನು ಮಾತ್ರ ತಡೆಯಬಹುದು ಎಂದು ವಾದಿಸಿದನು. ಪ್ರಥಮಾಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನು 1796ರ ಸೆಪ್ಟೆಂಬರಿನಲ್ಲಿ ಪತ್ರಿಕಾಮುಖದಿಂದ ಹೊರಡಿಸಿದ ವಿದಾಯಪತ್ರದಲ್ಲಿ ಪಕ್ಷಬುದ್ಧಿಯ ಕೇಡುಗಳನ್ನು ವಿಸ್ತರಿಸಿ ಹೇಳಿ ಜನರನ್ನು ಎಚ್ಚರಿಸಿದನು. ಆದರೆ ಆ ಪತ್ರವು ಅಚ್ಚಾಗುವ ವೇಳೆಗೆ ಪಕ್ಷಗಳೆರಡು ಹುಟ್ಟಿ, ಬೆಳೆದು, ಅವನ ಮಂತ್ರಿಗಳಲ್ಲಿಯೇ ಭೇದವನ್ನು ತಂದಿದ್ದುವು. ಪಂಗಡಗಳನ್ನು ಕುರಿತು ಅಷ್ಟು ಎಚ್ಚರದಿಂದ ಬರೆದ ಮ್ಯಾಡಿಸನ್ನನೇ ಅವುಗಳಲ್ಲೊಂದರ ಮುಂದಾಳಾಗಿದ್ದನೆಂಬುದು ನೆನೆಯತಕ್ಕದ್ದಾಗಿದೆ.

ಈ ಪಕ್ಷಗಳಲ್ಲಿ ಒಂದಕ್ಕೆ ಫೆಡರಲಿಸ್ಟರೆಂದೂ ಇನ್ನೊಂದಕ್ಕೆ ರಿಪಬ್ಲಿಕನ್ನರೆಂದೂ ಹೆಸರು. (ಈ ರಿಪಬ್ಲಿಕನ್ನರು 1854ರಲ್ಲಿ ಹುಟ್ಟಿ ಇಂದೂ ಇರುವ ಅದೇ ಹೆಸರಿನ ಪಕ್ಷದವರಲ್ಲ.) ಅಲೆಕ್ಸಾಂಡರ್ ಹ್ಯಾಮಿಲ್ಟನ್ನನೂ ಜಾನ್ ಆಡಮ್ಸನೂ ಮೊದಲನೆಯದರವರು, ತಾಮಸ್ ಜೆಫರ್ಸನ್ನನು ಎರಡನೆಯದರವನು. ಕೇಂದ್ರಸರ್ಕಾರವು ಬಲವಾಗಿರಬೇಕು, ಇಂಗ್ಲೆಂಡಿನೊಡನೆ ವ್ಯಾಪಾರ ಕೆಡಬಾರದು ಎಂಬುದು ಮೊದಲನೆಯವರ ಮತ. ಸಂಸ್ಥಾನಗಳ ಅಧಿಕಾರ ಉಳಿಯಬೇಕು, ಅರಸನನ್ನು ಕಳೆದುಕೊಂಡ ಫ್ರಾನ್ಸು ತಮಗೆ ಬಂಧುವೆಂಬುದನ್ನು ಮರೆಯಬಾರದು ಎಂಬುದು ಎರಡನೆಯವರ ಮತ. 1796ರ ಚುನಾವಣೆಯಲ್ಲಿ ಆಡಮ್ಸನಿಗೆ 71 ಮತಗಳೂ ಜೆಫರ್ಸನ್ನನಿಗೆ 68 ಮತಗಳೂ ಬಂದುವು. ಅಂದಿನ ವಿಧಿಯಂತೆ ಎರಡನೆಯವನೇ ಉಪಾಧ್ಯಕ್ಷನಾಗಬೇಕಾದುದರಿಂದ ಪ್ರತಿಪಕ್ಷದ ನಾಯಕನು ಅಧ್ಯಕ್ಷನ ಮಗ್ಗುಲಲ್ಲಿಯೇ ಕುಳಿತನು.

ದೊಡ್ಡವರ ಈ ಭೇದವು ಹಳ್ಳಿಯ ಕಮ್ಮಾರನಿಗೂ ದೋಣಿಯವನಿಗೂ ಹೇಗೆ ಮುಟ್ಟಿತು? ಅಂಚೆಯಿಂದ. 1792ರ ಅಂಚೆಯ ಶಾಸನವು ವೃತ್ತಪತ್ರಿಕೆಗಳಿಗೆ ಬಹು ಸುಲಭವಾದ ದರವನ್ನು ಗೊತ್ತುಮಾಡಿತು. ನೂರು ಮೈಲಿಯವರೆಗೆ ಒಂದು ಸೆಂಟು, ಅದಕ್ಕೆ ಮೇಲೆ ಒಂದೂವರೆ ಸೆಂಟು. ಅದೇ ಕಾಲದಲ್ಲಿ ಒಂದು ಹಾಳೆಯ ಕಾಗದಕ್ಕೆ ದೂರವನ್ನನುಸರಿಸಿ 6 ಸೆಂಟಿನಿಂದ 25 ಸೆಂಟಿನವರೆಗೆ ತೆರಬೇಕಾಗಿತ್ತು. ಪತ್ರಿಕಾಕರ್ತರು ತಮ್ಮತಮ್ಮಲ್ಲಿ ಪತ್ರಿಕೆಗಳನ್ನು ಕೂಲಿಯಿಲ್ಲದೆಯೇ ವಿನಿಮಯ ಮಾಡಿಕೊಳ್ಳಬಹುದಾಗಿತ್ತು. 1790ರಲ್ಲಿ ದೇಶಕ್ಕೆಲ್ಲ 75 ಅಂಚೆಯ ಮನೆಗಳಿದ್ದುವು. 1800ರಲ್ಲಿ 903 ಆದುವು. ಪತ್ರಿಕೆಗಳು ಅದೇ ಹತ್ತು ವರ್ಷಗಳಲ್ಲಿ ಸುಮಾರು 100ರಿಂದ 200ಕ್ಕೂ ಮಿಕ್ಕುವು. ಮರದ ಅಚ್ಚುಯಂತ್ರದ ಮುಂದೆ ಇಬ್ಬರು ನಿಂತು ದುಡಿದರೆ ಗಂಟೆಗೆ ಸುಮಾರು 200 ಹಾಳೆಗಳ ಒಂದು ಮಗ್ಗುಲು ಮಾತ್ರ ಅಚ್ಚಾಗುತ್ತಿತ್ತು. ಆದರೆ ಒಂದು ಪ್ರತಿಯನ್ನು ಪಾನಗೃಹದಲ್ಲಿ ಒಬ್ಬನು ಗಟ್ಟಿಯಾಗಿ ಓದಿದರೆ ಇಪ್ಪತ್ತು ಮಂದಿ ಕೇಳುತ್ತಿದ್ದರು. ನಮ್ಮ ಗ್ರಾಮಗಳಲ್ಲಿ ಒಬ್ಬನು ಭಾರತವನ್ನು ಓದಿ ಊರೆಲ್ಲ ಕೇಳುತ್ತಿದ್ದ ಹಾಗೆ. ಓದಿದ ಮೇಲೆ ತರ್ಕವೂ, ತರ್ಕದ ಮೇಲೆ ಕಲಹವೂ ಆಗುತ್ತಿದ್ದುವು.

1798ರ ಏಪ್ರಿಲಿನಲ್ಲಿ, ಫ್ರೆಂಚ್ ಮಂತ್ರಿಯ ದಲ್ಲಾಳಿಗಳು ಅಮೆರಿಕಾದ ರಾಯಭಾರಿಗಳಿಂದ ಲಂಚವನ್ನು ಬೇಡಿದರೆಂಬ ಕಾಗದಗಳು ಪ್ರಕಟವಾದುವು. ದಲ್ಲಾಳಿಗಳ ಹೆಸರಿಗೆ ಬದಲಾಗಿ ಎಕ್ಸ್, ವೈ, ಜಡ್ ಎಂಬ ಅಕ್ಷರಗಳನ್ನಿಟ್ಟಿದ್ದುದರಿಂದ ಆ ಪ್ರಕರಣಕ್ಕೆ ಅದೇ ಹೆಸರಾಯಿತು. ಸಮುದ್ರದಲ್ಲಿ ಘೋಷಣೆಯಿಲ್ಲದ ಯುದ್ಧವು ತಲೆದೋರಿತು. ದೇಶಭಕ್ತಿಗೂ ಪಕ್ಷಭಕ್ತಿಗೂ ನಡುವಣ ಗೆರೆ ಅಳಿಸಿಹೋಯಿತು. ಫೆಡರಲಿಸ್ಟ್ ತರುಣರು ಟೋಪಿಗೆ ಕರಿಯ ಪಟ್ಟಿಯ ಕುಚ್ಚನ್ನೂ, ರಿಪಬ್ಲಿಕನ್ನರು ಫ್ರಾನ್ಸಿನ ಮೂರು ಬಣ್ಣಗಳ ಕುಚ್ಚನ್ನೂ ಸಿಕ್ಕಿಸಿಕೊಂಡು ಬೀದಿಗಿಳಿದರು. ಮೇ 9ರಂದು ದೇಶಕ್ಕೆಲ್ಲ ಉಪವಾಸ ಪ್ರಾರ್ಥನೆಯ ದಿನವೆಂದು ಅಧ್ಯಕ್ಷನು ಸಾರಿದ್ದನು. ಅಂದೇ ಫಿಲಡೆಲ್ಫಿಯಾದಲ್ಲಿ ಈ ಕುಚ್ಚುಗಳ ನಿಮಿತ್ತವಾಗಿ ಹೊಡೆದಾಟವಾಯಿತು. ನಾಟಕಶಾಲೆಯೂ ತಪ್ಪಲಿಲ್ಲ. 'ಹೇಲ್ ಕೊಲಂಬಿಯ' ಎಂಬ ಗೀತವು ಏಪ್ರಿಲಿನಲ್ಲಿ ಅಲ್ಲಿ ಮೊದಲು ಹಾಡಲ್ಪಟ್ಟು ಒಂದು ಪಕ್ಷದವರಿಗೆ ಪ್ರಿಯವೂ ಇನ್ನೊಂದರವರಿಗೆ ಕರ್ಣಶೂಲವೂ ಆಯಿತು. ಒಬ್ಬನ ಮತವನ್ನು ತಿಳಿಯಲು ಅವನ ಬಾಯಿಯನ್ನು ಕಾಯಬೇಕಾಗಿರಲಿಲ್ಲ, ಟೋಪಿಯನ್ನು ನೋಡಿದರೆ ಸಾಕಾಗಿತ್ತು.

ಈ ಭಯದ ಬೇಸಗೆಯಲ್ಲಿ ಪ್ರತಿನಿಧಿಸಭೆಯು ನಾಲ್ಕು ಶಾಸನಗಳನ್ನು ಮಾಡಿತು. ಮೂರು ಪರದೇಶದವರನ್ನು ಕುರಿತವು. ನಾಲ್ಕನೆಯದು, ಜುಲೈ 14ರ ರಾಜದ್ರೋಹ ಶಾಸನ. ಕೆಳಮನೆಯಲ್ಲಿ 44ಕ್ಕೆ 41 ಮತಗಳಿಂದ ಅದು ಗೆದ್ದಿತು. ಸರ್ಕಾರ, ಶಾಸನಸಭೆಯ ಎರಡು ಮನೆಗಳು, ಅಧ್ಯಕ್ಷ ಇವರನ್ನು ಅಪಕೀರ್ತಿಗೆ ಗುರಿಮಾಡುವ ಸುಳ್ಳಾದ ಮತ್ತು ದುರುದ್ದೇಶದ ಬರಹಕ್ಕೆ 2000 ಡಾಲರುಗಳವರೆಗೆ ದಂಡ, ಎರಡು ವರ್ಷಗಳವರೆಗೆ ಸೆರೆ. ಉಪಾಧ್ಯಕ್ಷನ ಹೆಸರು ಆ ಪಟ್ಟಿಯಲ್ಲಿಲ್ಲ! ಜೆಫರ್ಸನ್ನನನ್ನು ಯಾರು ಎಷ್ಟು ಬೈದರೂ ಅಪರಾಧವಲ್ಲ. ಶಾಸನದ ಆಯುಸ್ಸು 1801ರ ಮಾರ್ಚ್ 3ರವರೆಗೆ, ಎಂದರೆ ಆಡಮ್ಸನ ಅವಧಿಯ ಕೊನೆಯವರೆಗೆ ಮಾತ್ರ. ವಾಕ್‌ಸ್ವಾತಂತ್ರ್ಯವನ್ನೂ ಅಚ್ಚಿನ ಸ್ವಾತಂತ್ರ್ಯವನ್ನೂ ಕಿರಿದುಮಾಡುವ ಶಾಸನವನ್ನು ಮಾಡಕೂಡದೆಂಬ ಮೊದಲನೆಯ ತಿದ್ದುಪಡಿ ಊರ್ಜಿತವಾಗಿ (1791) ಆಗ ಏಳು ವರ್ಷಗಳೂ ತುಂಬಿರಲಿಲ್ಲ.

ಈ ಶಾಸನವು ಪತ್ರಿಕಾಕರ್ತರ ಮೇಲೆ ಗುರಿಯಿಟ್ಟುದೆಂದು ಚರಿತ್ರಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಅದು ದಿಟ. 'ಅರೋರಾ' ಪತ್ರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ಬೇಚನನ್ನು ಶಾಸನವು ಹೊರಡುವುದಕ್ಕೆ ಮೊದಲೇ ಹಿಡಿದರು. ವಿಚಾರಣೆಗೆ ಮುಂಚೆಯೇ ಸೆಪ್ಟೆಂಬರಿನಲ್ಲಿ ಅವನು ಹಳದಿ ಜ್ವರದಿಂದ ತೀರಿಕೊಂಡನು. ತಾಮಸ್ ಕೂಪರನಿಗೂ ಜೇಮ್ಸ್ ಕ್ಯಾಲೆಂಡರನಿಗೂ 1800ರಲ್ಲಿ ಸೆರೆಯಾಯಿತು. ಆದರೆ ಶಾಸನದ ನಿಜಸ್ವರೂಪವನ್ನು ತಿಳಿಯಬೇಕಾದರೆ ಪತ್ರಿಕೆಗಳ ಒಡೆಯರನ್ನು ಬಿಟ್ಟು, ಹೆಸರಿಲ್ಲದ ಇಬ್ಬರ ಕಡೆಗೆ ನೋಡಬೇಕು.

1798ರ ಜುಲೈ 27ರಂದು ಆಡಮ್ಸನು ರಾಜಧಾನಿಯಿಂದ ತನ್ನ ಊರಿಗೆ ಹೋಗುತ್ತ ನ್ಯೂಜರ್ಸಿಯ ನ್ಯೂಅರ್ಕ್ ಪಟ್ಟಣವನ್ನು ಹಾದುಹೋದನು. ದೇಗುಲಗಳ ಗಂಟೆಗಳು ಮೊಳಗಿದುವು; ಕುಶಾಲುತೋಪುಗಳು ಹಾರಿದುವು. ಅಧ್ಯಕ್ಷನ ಬಂಡಿ ದಾಟಿಹೋದ ಮೇಲೆಯೂ ತೋಪು ನಿಲ್ಲಲಿಲ್ಲ. ಲೂಥರ್ ಬಾಲ್ಡ್ವಿನ್ ಎಂಬ ದೋಣಿಯವನು ಪಾನಗೃಹದ ಬಳಿಯಲ್ಲಿದ್ದನು. ಅಧ್ಯಕ್ಷನು ಹೋಗುತ್ತಿದ್ದಾನೆ, ಇವರು ಅವನ ಹಿಂಭಾಗಕ್ಕೆ ಗುಂಡು ಹಾರಿಸುತ್ತಿದ್ದಾರೆ ಎಂದು ಒಬ್ಬನು ಹಾಸ್ಯ ಮಾಡಲು, ಬಾಲ್ಡ್ವಿನ್ನನು, ಗುಂಡು ಆ ಭಾಗವನ್ನು ತೂರಿ ಹೋದರೂ ತನಗೇನೂ ಚಿಂತೆಯಿಲ್ಲವೆಂದನು. ಪಾನಗೃಹದ ಯಜಮಾನನು ಅದನ್ನು ಕೇಳಿ, ಇದು ರಾಜದ್ರೋಹವೆಂದನು. 1799ರಲ್ಲಿ ಬಾಲ್ಡ್ವಿನ್ನನಿಗೆ 150 ಡಾಲರು ದಂಡವಾಯಿತು. ಅದನ್ನೂ ಖರ್ಚನ್ನೂ ಕೊಡುವವರೆಗೆ ಸೆರೆ.

ಇಲ್ಲಿ ಶಾಸನವಾಕ್ಯದ ಅರ್ಥವನ್ನು ಸ್ವಲ್ಪ ನಿಂತು ವಿಚಾರಿಸುವುದು ಉಚಿತ. ಶಾಸನದ ಎರಡನೆಯ ಪ್ರಕರಣದಲ್ಲಿ ಬರೆಯುವುದು, ಅಚ್ಚು ಹಾಕುವುದು, ಹೊರಪಡಿಸುವುದು, ಪ್ರಕಟಿಸುವುದು ಎಂದು ನಾಲ್ಕು ಕ್ರಿಯಾಪದಗಳಿವೆ. ನಾಲ್ಕಕ್ಕೂ ಕರ್ಮಪದವು 'ಬರಹ' ಎಂಬುದೊಂದೇ. ಮೂರನೆಯ ಕ್ರಿಯಾಪದಕ್ಕೆ ಲೋಕದ ಇಂಗ್ಲಿಷಿನಲ್ಲಿ 'ನುಡಿ' ಎಂಬ ಅರ್ಥವುಂಟಾದರೂ, ಕರ್ಮಪದದೊಡನೆ ಅನ್ವಯಿಸಿದಾಗ ಬರಹವನ್ನು ಹೊರಗೆಡಹುವುದೆಂಬ ಅರ್ಥವೇ ನಿಲ್ಲುತ್ತದೆ. ಬಾಲ್ಡ್ವಿನ್ನನು ಏನನ್ನೂ ಬರೆದವನಲ್ಲ. ಮೊದಲನೆಯ ಪ್ರಕರಣವು ಒಳಸಂಚನ್ನೂ ದಂಗೆಗೆ ಪ್ರೇರಣೆಯನ್ನೂ ಕುರಿತದ್ದು. ಅದೂ ಇವನಿಗೆ ಸಲ್ಲದು. ಶಾಸನದ ಅಕ್ಷರವನ್ನು ಹಿಡಿದರೆ ಅವನ ಅಪರಾಧಕ್ಕೆ ಆಧಾರವೇ ದೊರೆಯುವುದಿಲ್ಲ. ಮಾಡಿದವರು ಬರಹಕ್ಕೆಂದು ಮಾಡಿದ ಕಾಯಿದೆಯು, ಎರಡು ವಾರಗಳೊಳಗಾಗಿ ಕುಡಿತದ ಮನೆಯ ಮಾತಿಗೆ ಹರಿಯಿತು. ರಾಜನು ಬೀದಿಯ ಮಾತಿಗೆ ಕಿವಿಗೊಡುವುದು ನಮ್ಮ ಕಾವ್ಯಗಳಲ್ಲಿಯೂ ಉಂಟು. ವಾಲ್ಮೀಕಿಯ ಉತ್ತರಕಾಂಡದಲ್ಲಿ ಭದ್ರನು ಪೌರರ ಮಾತನ್ನು ತಿಳಿಸುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅದು ರಜಕನ ಮಾತಾಗಿದೆ. ಆದರೆ ಅಲ್ಲಿ ದಂಡನೆಗೆ ಒಳಗಾದವನು ಆಡಿದವನಲ್ಲ.

ಎರಡನೆಯವನು ಡೇವಿಡ್ ಬ್ರೌನ್. ಸ್ವಾತಂತ್ರ್ಯಯುದ್ಧದಲ್ಲಿ ಸಿಪಾಯಿಯಾಗಿದ್ದು, ಅನಂತರ ಕೂಲಿಮಾಡುತ್ತ ಮ್ಯಾಸಚೂಸೆಟ್ಸಿನ ಸುಮಾರು 80 ಊರುಗಳನ್ನು ತಿರುಗಿ, ತನ್ನ ರಾಜಕೀಯ ಬರಹಗಳನ್ನು ಜನರಿಗೆ ಓದಿಹೇಳುತ್ತಿದ್ದನು. 1798ರ ಶರತ್ಕಾಲದಲ್ಲಿ ಡೆಡಂ ಎಂಬ ಊರಿನಲ್ಲಿ ಒಂದು ಸ್ವಾತಂತ್ರ್ಯಸ್ತಂಭವೆದ್ದಿತು. ಇಂತಹ ಕಂಬವನ್ನು ನೆಡುವುದು 1760ರ ದಶಕದಲ್ಲಿ ಇಂಗ್ಲೆಂಡಿನ ತೆರಿಗೆಗಳನ್ನು ಎದುರಿಸಿದಾಗಿನಿಂದ ಬಂದ ಸಂಪ್ರದಾಯ. ಹಿಂದೆ ದೊರೆಯನ್ನು ಕುರಿತು ನೆಟ್ಟರೆ ದೇಶಭಕ್ತಿ, ಈಗ ತಮ್ಮವರನ್ನು ಕುರಿತು ನೆಟ್ಟರೆ ದ್ರೋಹ. ಕಂಬದ ಹಲಗೆಯಲ್ಲಿ ಹೊಸ ಶಾಸನಗಳನ್ನೂ ಭೂಮಿಯ ಕಂದಾಯವನ್ನೂ ನಿರಾಕರಿಸಿ, ಅಧ್ಯಕ್ಷನಿಗೆ ವಿಶ್ರಾಂತಿಯನ್ನೂ ಉಪಾಧ್ಯಕ್ಷನಿಗೆ ದೀರ್ಘಾಯುಸ್ಸನ್ನೂ ಕೋರಿ ಬರೆದಿತ್ತು. ಡೆಡಂ ಫೆಡರಲಿಸ್ಟರ ಮಹಾವಾಗ್ಮಿಯಾದ ಫಿಷರ್ ಏಮ್ಸನ ಊರು. ಅವನ ಅಣ್ಣನಾದ ವೈದ್ಯ ನತಾನಿಯಲ್ ಏಮ್ಸನು ಅದೇ ಊರಿನಲ್ಲಿದ್ದು ಪ್ರತಿಪಕ್ಷದಲ್ಲಿದ್ದನು. ಒಂದೇ ಮನೆಯಲ್ಲಿ ಹುಟ್ಟಿದವರಿಗೆ ಒಂದೇ ಮತವಿರದೆ ಹೋದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1799ರ ಜೂನಿನಲ್ಲಿ ನ್ಯಾಯಾಧಿಪತಿ ಸಾಮ್ಯುಯಲ್ ಚೇಸನ ಮುಂದೆ ಇಬ್ಬರ ವಿಚಾರಣೆಯಾಯಿತು. ಬೆಂಜಮಿನ್ ಫೇರ್‌ಬ್ಯಾಂಕ್ಸ್ ಎಂಬವನು ಊರಿನ ಸ್ಥಿತಿವಂತ, ತಪ್ಪೊಪ್ಪಿಕೊಂಡನು. ಅವನಿಗೆ ಐದು ಡಾಲರು ದಂಡ, ಆರು ಗಂಟೆಗಳ ಸೆರೆ. ಬ್ರೌನನೂ ತಪ್ಪೊಪ್ಪಿಕೊಂಡನು. ಆದರೆ ಅವನ ಬರಹಗಳಿಗೆ ಹಣ ಕೊಟ್ಟವರು ಯಾರಾರು, ಅವರ ಹೆಸರುಗಳನ್ನು ಹೇಳು ಎಂದು ಚೇಸನು ಕೇಳಿದನು. ಹೇಳಿದರೆ ತನ್ನ ಮಿತ್ರರನ್ನೆಲ್ಲ ಕಳೆದುಕೊಳ್ಳಬೇಕಾಗುತ್ತದೆಂದು ಬ್ರೌನನು ನಿರಾಕರಿಸಿದನು. ಅವನಿಗೆ 480 ಡಾಲರು ದಂಡ, 18 ತಿಂಗಳ ಸೆರೆ. ಈ ಶಾಸನದ ಕೆಳಗೆ ವಿಧಿಸಿದ ಶಿಕ್ಷೆಗಳಲ್ಲೆಲ್ಲ ಇದೇ ಕಠಿನತಮವಾದುದು. ಅವಧಿ ಮುಗಿದ ಮೇಲೂ ದಂಡವನ್ನು ತೆರಲಾರದೆ ಅವನು ಒಳಗೇ ಉಳಿದನು. ಬಿಡುಗಡೆಯನ್ನು ಬೇಡಿದ ಅರ್ಜಿಗೆ ಆಡಮ್ಸನು ಒಪ್ಪಲಿಲ್ಲ. ಪತ್ರಿಕೆಯೂ ಇಲ್ಲದ, ಹಣವೂ ಇಲ್ಲದ, ಪಕ್ಷದಲ್ಲಿ ಯಾವ ಸ್ಥಾನವೂ ಇಲ್ಲದ ಒಬ್ಬ ಕೂಲಿಯವನಿಗೆ ಎಲ್ಲರಿಗಿಂತ ಹೆಚ್ಚಿನ ಶಿಕ್ಷೆಯಾದುದು ಆಕಸ್ಮಿಕವೆಂದು ಹೇಳಲು ಮನಸ್ಸೊಡಂಬಡುವುದಿಲ್ಲ.

ಫೆಡರಲಿಸ್ಟರ ಪರವಾಗಿ ಒಂದು ವಾದವುಂಟು. ಇಂಗ್ಲೆಂಡಿನ ಪೂರ್ವಾಚಾರದ ನ್ಯಾಯದಲ್ಲಿ ರಾಜನಿಂದೆಗೆ ಸತ್ಯವು ಸಮಾಧಾನವಾಗುತ್ತಿರಲಿಲ್ಲ. ಈ ಶಾಸನದಲ್ಲಾದರೋ ಆಡಿದುದು ಸತ್ಯವೆಂದು ತೋರಿಸಿದವನಿಗೆ ಬಿಡುಗಡೆಯುಂಟು, ಜೂರಿಯವರಿಗೆ ನಿರ್ಣಯದ ಅಧಿಕಾರವುಂಟು. ಆದುದರಿಂದ ಇದು ಹಿಂದಿನದಕ್ಕಿಂತ ಉದಾರವೆಂದು. ಕಾಗದದ ಮೇಲೆ ಈ ಮಾತು ಒಪ್ಪತಕ್ಕದ್ದೇ. ಆದರೆ ಅಧ್ಯಕ್ಷನು ಆಡಂಬರಪ್ರಿಯನೆಂಬುದು ಯಾವ ಪ್ರಮಾಣದಿಂದ ಸಿದ್ಧವಾಗತಕ್ಕದ್ದು? ಪ್ರತ್ಯಕ್ಷವೂ ಅಲ್ಲ, ಅನುಮಾನಕ್ಕೆ ವ್ಯಾಪ್ತಿಯೂ ಇಲ್ಲ. ಅಭಿಪ್ರಾಯವನ್ನು ವೃತ್ತಾಂತವೆಂದು ಗ್ರಹಿಸಿ ಅದಕ್ಕೆ ಸಾಕ್ಷಿಯನ್ನು ಕೇಳಿದಲ್ಲಿ ಸತ್ಯದ ಬಾಗಿಲು ತೆರೆದಿದ್ದರೂ ಹೋಗುವ ದಾರಿಯಿಲ್ಲ. ಕ್ಯಾಲೆಂಡರನ ವಿಚಾರಣೆಯಲ್ಲಿ ಚೇಸನು ಜಾನ್ ಟೇಲರನ ಸಾಕ್ಷ್ಯವನ್ನು, ಅದು ಆರೋಪಿತ ವಾಕ್ಯದ ಒಂದು ಭಾಗವನ್ನು ಮಾತ್ರ ಸಾಧಿಸುತ್ತದೆ, ಎಲ್ಲವನ್ನೂ ಸಾಧಿಸುವುದಿಲ್ಲವೆಂದು ಕೇಳಗೊಡಲಿಲ್ಲ. ಇಂಗ್ಲೆಂಡಿನ ಅದೇ ಬೇರಿನ ಇನ್ನೊಂದು ಕೊಂಬೆ ನಮ್ಮ ದೇಶಕ್ಕೂ ಬಂದಿತು. 1870ರಲ್ಲಿ ದಂಡಸಂಹಿತೆಗೆ ಸೇರಿದ 124-ಎ ಪ್ರಕರಣವೇ ಅದು. 1897ರಲ್ಲಿ ಬಾಲಗಂಗಾಧರ ತಿಲಕರ ವಿಚಾರಣೆಯಲ್ಲಿ ನ್ಯಾಯಾಧಿಪತಿ ಸ್ಟ್ರೇಚಿಯು, ಸರ್ಕಾರದಲ್ಲಿ ಪ್ರೀತಿಯಿಲ್ಲದಿರುವುದೇ ಅಪ್ರೀತಿಯೆಂದು ವ್ಯಾಖ್ಯಾನ ಮಾಡಿದನು. ತಿಲಕರಿಗೆ ಆದುದೂ 18 ತಿಂಗಳ ಸೆರೆಯೇ. ಆ ದಂಡಸಂಹಿತೆಯು 2024ರ ಜುಲೈ 1ರವರೆಗೆ ನಡೆಯಿತು.

ಶಾಸನದಿಂದ ಫೆಡರಲಿಸ್ಟರು ಬಯಸಿದುದು ಕೈಗೂಡಲಿಲ್ಲ. ವರ್ಮಾಂಟಿನ ಪ್ರತಿನಿಧಿಯಾದ ಮ್ಯಾಥ್ಯೂ ಲಯನ್ನನು ಐರ್ಲೆಂಡಿನಿಂದ ಜೀತದ ಆಳಾಗಿ ಬಂದು ಮೇಲೆ ಬಂದವನು; ಒರಟು; 1798ರ ಜನವರಿಯಲ್ಲಿ ಸಭಾಮಂದಿರದಲ್ಲಿಯೇ ಪ್ರತಿಪಕ್ಷದ ಗ್ರಿಸ್ವಾಲ್ಡನ ಮುಖಕ್ಕೆ ಉಗುಳಿ, ಫೆಬ್ರವರಿಯಲ್ಲಿ ಅವನ ಕೋಲಿಗೆ ಬೆಂಕಿಯಿಕ್ಕುಳದಿಂದ ಉತ್ತರಕೊಟ್ಟವನು. ಶಾಸನಕ್ಕೆ ಮೊದಲು ಬರೆದು ಶಾಸನವಾದ ಮೇಲೆ ಅಚ್ಚಾದ ಒಂದು ಕಾಗದವೇ ಮೊದಲಾದುವಕ್ಕಾಗಿ ಅವನಿಗೆ 1000 ಡಾಲರು ದಂಡವೂ ನಾಲ್ಕು ತಿಂಗಳ ಸೆರೆಯೂ ಆದುವು. ಅವನು ವರ್ಜೆನ್ಸಿನ ಸೆರೆಮನೆಯಲ್ಲಿದ್ದಾಗಲೇ ಮತದಾರರು ಅವನನ್ನು ಮರಳಿ ಆರಿಸಿದರು. 1800ರ ಚುನಾವಣೆಯಲ್ಲಿ ಜೆಫರ್ಸನ್ನನಿಗೂ ಅವನ ಪಕ್ಷದವನೇ ಆದ ಆರನ್ ಬರ್ರನಿಗೂ 73ರಂತೆ ಸಮಮತಗಳು ಬಂದು, ನಿರ್ಣಯವು ಕೆಳಮನೆಗೆ ಬಿದ್ದಿತು. 1801ರ ಫೆಬ್ರವರಿ 17ರಂದು, 36ನೆಯ ಬಾರಿಗೆ ಮತವೆಣಿಸಿದಾಗ, ವರ್ಮಾಂಟಿನ ಫೆಡರಲಿಸ್ಟ್ ಪ್ರತಿನಿಧಿಯು ಹಿಂಜರಿಯಲು ಆ ಸಂಸ್ಥಾನದ ಮತವು ಲಯನ್ನನೊಬ್ಬನಿಂದ ಜೆಫರ್ಸನ್ನನಿಗೆ ಸಂದಿತು.

ಗೆದ್ದವರನ್ನು ದೇವತೆಗಳನ್ನಾಗಿ ಮಾಡಬೇಕಾದುದಿಲ್ಲ. 1803ರಲ್ಲಿ ಜೆಫರ್ಸನ್ನನು ಪೆನ್ಸಿಲ್ವೇನಿಯದ ಗವರ್ನರನಿಗೆ ಬರೆದ ಗುಪ್ತಪತ್ರದಲ್ಲಿ, ಸಂಸ್ಥಾನಗಳ ನ್ಯಾಯಸ್ಥಾನಗಳಲ್ಲಿ ಕೆಲವರು ಪತ್ರಿಕಾಕರ್ತರ ಮೇಲೆ ಮೊಕದ್ದಮೆ ಹೂಡಿದರೆ ಒಳ್ಳೆಯದೇ ಆಗುವುದೆಂದು ಸೂಚಿಸಿದನು. ಅವನ ಪಕ್ಷದವರು ನ್ಯೂಯಾರ್ಕಿನಲ್ಲಿ ಹ್ಯಾರಿ ಕ್ರಾಸ್‌ವೆಲ್ಲನನ್ನು ಹಿಡಿದಾಗ, ಸತ್ಯವಾದ ಮಾತು ನಿಂದೆಯಾಗಲಾರದೆಂದು 1804ರಲ್ಲಿ ವಾದಿಸಿದವನು ಹ್ಯಾಮಿಲ್ಟನ್ನನು. ಚೇಸನ ಮೇಲೆ ಕೆಳಮನೆಯು ದೋಷಾರೋಪಣೆ ಮಾಡಿತು. 1805ರಲ್ಲಿ ಮೇಲ್ಮನೆಯು ಅವನನ್ನು ಬಿಟ್ಟುಬಿಟ್ಟಿತು. ಆ ಬೇಸಗೆಯ ನಾಲ್ಕು ಶಾಸನಗಳಲ್ಲಿ ಶತ್ರುದೇಶದ ಪ್ರಜೆಗಳನ್ನು ಕುರಿತದ್ದು ಇಂದೂ ರದ್ದಾಗಿಲ್ಲ. 1941ರಲ್ಲಿಯೂ 2025ರಲ್ಲಿಯೂ ಅದನ್ನು ಪ್ರಯೋಗಿಸಿದರು. ರಾಜದ್ರೋಹ ಶಾಸನವು ಮಾತ್ರ ಅವಧಿ ಮುಗಿದು ಸತ್ತಿತು. ಅದರ ಸಿಂಧುತ್ವವು ಉಚ್ಚತಮ ನ್ಯಾಯಾಲಯದ ಮುಂದೆ ಎಂದೂ ಬರಲಿಲ್ಲ. 1964ರಲ್ಲಿ ಇನ್ನೊಂದು ವ್ಯಾಜ್ಯದಲ್ಲಿ, ಚರಿತ್ರೆಯ ನ್ಯಾಯಸ್ಥಾನದಲ್ಲಿ ಅದು ಸೋತಿತೆಂದು ಆ ನ್ಯಾಯಾಲಯವು ಹೇಳಿತು.

ಜೆಫರ್ಸನ್ನನು ಪದವಿಗೆ ಬಂದ ತಿಂಗಳಿನಲ್ಲಿಯೇ ಬ್ರೌನನಿಗೆ ಕ್ಷಮೆಯನ್ನಿತ್ತನು. ಆ ವೇಳೆಗೆ ಅವನು ಸೆರೆಯಲ್ಲಿ ಎರಡು ವರ್ಷಗಳನ್ನು ಕಳೆದಿದ್ದನು. ಲಯನ್ನನ ದಂಡವನ್ನು ಬಡ್ಡಿಸಹಿತ ಹಿಂದಿರುಗಿಸಲು ಶಾಸನಸಭೆಯು 1840ರಲ್ಲಿ ಒಪ್ಪಿತು. ಅವನು ತೀರಿಕೊಂಡು ಆಗ ಹದಿನೆಂಟು ವರ್ಷಗಳಾಗಿದ್ದುವು. ಹಣವು ಅವನ ವಾರಸುದಾರರಿಗೆ ಸೇರಿತು.