ಅಜ್ಜನ ಟೋಪಿ ಎಷ್ಟು ಹಳೇದು?

ಈ ಸಲ ಮೇಜಿನ ಮೇಲೆ ಪುಸ್ತಕ ಇಲ್ಲ, ಒಂದು ಟೋಪಿ ಇದೆ. ಕಿತ್ತಳೆ ಬಣ್ಣ, ಮುಂದೆ ಬಿಳಿ ‘ಟಿ’ ಅಕ್ಷರ. ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ಬೇಸ್‌ಬಾಲ್ ಕ್ಯಾಪ್ ಇದು. ಹೋದ ತಿಂಗಳು ಅಪ್ಪ ತುಮಕೂರಿನಿಂದ ಪುಣೆಗೆ ಬಂದಾಗ ಜೊತೆಗೆ ತಂದರು. “ಇದಕ್ಕೊಂದು ಫ್ರೇಮ್ ಹಾಕಿಸು. ಕೆಳಗೆ ‘ನಾಕ್ಸ್‌ವಿಲ್, 1967’ ಅಂತ ಬರೆಸು” ಅಂದರು.

ಈ ಮಾತಿಗೆ ಹಿನ್ನೆಲೆ ಇದೆ. 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾಯ್ತು. ಆಗ ಅಮೆರಿಕ ಸರ್ಕಾರದ ನೆರವಿನಲ್ಲಿ ಅಲ್ಲಿಯ ಕೆಲವು ವಿಶ್ವವಿದ್ಯಾಲಯಗಳು ನಮ್ಮ ಹೊಸ ಕೃಷಿ ವಿಶ್ವವಿದ್ಯಾಲಯಗಳಿಗೆ ಕೈಜೋಡಿಸಿದವು. ಪಂಜಾಬಿಗೆ ಒಹಾಯೋ, ಆಂಧ್ರಕ್ಕೆ ಕಾನ್ಸಾಸ್, ಮೈಸೂರು ರಾಜ್ಯಕ್ಕೆ ಟೆನೆಸೀ. ಅಲ್ಲಿಯ ಮೇಷ್ಟ್ರುಗಳು ಇಲ್ಲಿಗೆ ಬಂದರು, ಇಲ್ಲಿಯವರು ತರಬೇತಿಗೆ ಅಲ್ಲಿಗೆ ಹೋದರು. ಹಾಗೆ ನಾಕ್ಸ್‌ವಿಲ್‌ಗೆ ಹೋದವರಲ್ಲಿ ನಮ್ಮಜ್ಜನೂ ಒಬ್ಬರು. ಹಾಗಾಗಿ 1967 ಅನ್ನೋದು ನಂಬೋ ಹಾಗೇ ಇತ್ತು.

ಆದರೆ ಹಳೇ ವಸ್ತುವಿನ ಕಾಲ ಹೇಳೋಕೆ ಒಂದು ನಿಯಮ ಇದೆ. ನಮ್ಮ ಫೀಲ್ಡಿನವರಿಗೆ ಬೇಗ ಅರ್ಥ ಆಗುತ್ತೆ: ಒಂದು ಸಾಫ್ಟ್‌ವೇರ್, ಅದರೊಳಗಿನ ಅತಿ ಹೊಸ ಲೈಬ್ರರಿಗಿಂತ ಹಳೇದಾಗಿರೋಕೆ ಸಾಧ್ಯವಿಲ್ಲ. ಟೋಪಿಯೂ ಅಷ್ಟೇ. ಒಂದೊಂದು ಭಾಗವೂ “ನಾನು ಇಂಥ ವರ್ಷಕ್ಕಿಂತ ಹಿಂದೆ ಇರಲಿಲ್ಲ” ಅಂತ ಮಾತ್ರ ಹೇಳುತ್ತೆ. ಎಲ್ಲದರಲ್ಲಿ ಯಾವುದು ಹೊಸದೋ ಅದರ ಮಾತು ಕೊನೇ ಮಾತು.

ಮೊದಲು ‘ಟಿ’ ಅಕ್ಷರ. ಟೆನೆಸೀ ಫುಟ್‌ಬಾಲ್ ತಂಡದ ಹೆಲ್ಮೆಟ್ ಮೇಲೆ ಈ ‘ಟಿ’ ತಂದವರು ಕೋಚ್ ಡಗ್ ಡಿಕಿ, 1964ರಲ್ಲಿ. ಅಂದರೆ 1967ಕ್ಕೆ ಅಡ್ಡಿಯಿಲ್ಲ.

ಆಮೇಲೆ ಟೋಪಿಯ ಕಟ್ಟು. ಬೇಸ್‌ಬಾಲ್ ಆಟಗಾರರು 1849ರಲ್ಲಿ ನ್ಯೂಯಾರ್ಕಿನಲ್ಲಿ ಹಾಕಿದ್ದು ಹುಲ್ಲಿನ ಟೋಪಿ. ದುಂಡನೆ ತಲೆ, ಮುಂದೆ ಚಾಚಿದ ಅಂಚು ಇರೋ ಈಗಿನ ಆಕಾರದ ಮೂಲ 1860ರ ಸುಮಾರಿನ ಬ್ರೂಕ್ಲಿನ್ ಎಕ್ಸೆಲ್ಸಿಯರ್ಸ್ ತಂಡದ್ದು. ಮುಂದೆ ಬಹಳ ಕಾಲ ಆಟಗಾರರ ಕ್ಯಾಪ್ ಅಂದರೆ ಉಣ್ಣೆ ಬಟ್ಟೆ, ಒಳಗೆ ಚರ್ಮದ ಬೆವರು ಪಟ್ಟಿ, ತಲೆ ಅಳತೆಗೆ ಹೊಲಿದದ್ದು. 1954ರಲ್ಲಿ ಬಂದ ನ್ಯೂ ಎರಾ ಕಂಪನಿಯ ಪ್ರಸಿದ್ಧ 59ಫಿಫ್ಟಿ ಕೂಡ ಅಳತೆಯ ಟೋಪಿಯೇ, ಹಿಂದೆ ಪಟ್ಟಿ ಇಲ್ಲ.

ನಮ್ಮ ಟೋಪಿ ತಿರುಗಿಸಿ ನೋಡಿ. ಮುಂದೆ ಫೋಮ್, ಹಿಂದೆ ಜಾಲರಿ, ಗುಂಡಿಗಳನ್ನು ತೂತಿಗೆ ಒತ್ತಿ ಕೂರಿಸೋ ಪ್ಲಾಸ್ಟಿಕ್ ಪಟ್ಟಿ. ಈ ನಮೂನೆ ಅಮೆರಿಕದಲ್ಲಿ ಹಬ್ಬಿದ್ದು 1970ರ ದಶಕದಲ್ಲಿ. ದನದ ಮೇವು, ಟ್ರ್ಯಾಕ್ಟರ್ ಕಂಪನಿಗಳು ರೈತರಿಗೆ, ಲಾರಿ ಡ್ರೈವರುಗಳಿಗೆ ಪುಕ್ಕಟೆ ಹಂಚುತ್ತಿದ್ದ ಟೋಪಿ ಇದು. ಇಲ್ಲಿಗೇ 1967 ಅಲ್ಲಾಡೋಕೆ ಶುರುವಾಯ್ತು.

ಕೊನೆಗೆ ಒಳಗಿನ ಲೇಬಲ್. ‘ಮೇಡ್ ಇನ್ ತೈವಾನ್’ ಅಂತಿದೆ. ಪಕ್ಕದಲ್ಲಿ ಕಾಲೇಜಿನ ಅಧಿಕೃತ ಲೈಸೆನ್ಸ್ ಇದೆ ಅನ್ನೋ ಮುದ್ರೆ, ಕಾಲೇಜಿಯೇಟ್ ಲೈಸೆನ್ಸಿಂಗ್ ಕಂಪನಿಯದ್ದು. ಆ ಕಂಪನಿ ಹುಟ್ಟಿದ್ದೇ 1981ರಲ್ಲಿ. ಕಾಲೇಜುಗಳ ಹೆಸರು, ಗುರುತು ಬಳಸಿದ್ದಕ್ಕೆ ದುಡ್ಡು ವಸೂಲಿ ಮಾಡಿಕೊಡೋದು ಅದರ ಕೆಲಸ. ಸ್ವಾರಸ್ಯ ಏನು ಗೊತ್ತಾ? ಅದನ್ನು ಕಟ್ಟಿದ ಬಿಲ್ ಬ್ಯಾಟಲ್, ಡಗ್ ಡಿಕಿ ಬಿಟ್ಟ ಮೇಲೆ 1970ರಲ್ಲಿ ಟೆನೆಸೀಗೆ ಕೋಚ್ ಆದವರು. ಮುಂದಿನ ‘ಟಿ’ ಒಬ್ಬ ಕೋಚಿನದು, ಒಳಗಿನ ಮುದ್ರೆ ಅವರ ಜಾಗಕ್ಕೆ ಬಂದವರದು!

ಪ್ಲಾಸ್ಟಿಕ್ ಪಟ್ಟಿಯನ್ನು ಆಮೇಲೆ ಹಾಕಿಸಿರಬಹುದಲ್ವಾ ಅಂತ ಕೇಳಬಹುದು. ಪಟ್ಟಿ ಹಾಕಿಸಬಹುದು. ಆದರೆ ಲೇಬಲ್ ಇರೋದು ಬೆವರು ಪಟ್ಟಿಯ ಹೊಲಿಗೆಯೊಳಗೆ, ಆ ಹೊಲಿಗೆ ಬಿಚ್ಚಿದ ಗುರುತೇ ಇಲ್ಲ. ಬಣ್ಣ ಮಾಸಿರೋದನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಒಂದು ಬೇಸಿಗೆ ಬಿಸಿಲು ಸಾಕು, ಹೊಸ ಟೋಪಿಯೂ ಹಳೇದಾಗುತ್ತೆ.

ಅಪ್ಪನಿಗೆ ಹೇಳಿದೆ. ಮುಖ ಸಣ್ಣಗಾಯ್ತು. “ಹಂಗಾದ್ರೆ ನಮ್ಮಪ್ಪ ಸುಳ್ಳು ಹೇಳಿದ್ರಾ?” ಅಂದರು. ಯೋಚಿಸಿದರೆ, ಅಜ್ಜ 1967 ಅಂತ ಹೇಳಿದ್ದನ್ನು ನಾವ್ಯಾರೂ ಕಿವಿಯಾರೆ ಕೇಳಿಲ್ಲ. ಅಜ್ಜ ಹೋಗಿದ್ದು ಆಗ, ಟೋಪಿ ಅಲ್ಲಿಯದು, ಎರಡನ್ನೂ ಸೇರಿಸಿದ್ದು ನಾವೇ.

ಆ ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. “ಅವರು ತಂದಿದ್ದು ಬಟ್ಟೇದು ಕಣೋ, ಅದು ಹರಿದುಹೋಗಿ ಎಷ್ಟು ವರ್ಷ ಆಯ್ತು! ಈ ಜಾಲರಿಯದು ನಿಮ್ಮತ್ತೆ ತಂದಿದ್ದಲ್ವೇನೋ?” ಅಂದರು. ಅತ್ತೆ 1985ರಲ್ಲಿ ಅದೇ ನಾಕ್ಸ್‌ವಿಲ್‌ಗೆ ಎಂ.ಎಸ್. ಓದೋಕೆ ಹೋಗಿದ್ದರು. ಮನೆಯಲ್ಲಿ ಅಜ್ಜನ ಅಮೆರಿಕದ ಕಥೆ ನೂರು ಸಲ ಕೇಳಿದ್ದೀನಿ. ಅತ್ತೆಯ ಓದಿನ ಮಾತು ಬಂದಿದ್ದು ನೆನಪೇ ಇಲ್ಲ.

ಅತ್ತೆಯನ್ನು ಕೇಳಿದಾಗ ನಕ್ಕರು. “ಬಿಸಿಲಲ್ಲಿ ರಾಗಿ ತಾಕು ನೋಡೋಕೆ ಹೋಗ್ತಾರಲ್ಲ ಅಂತ ತಗೊಂಡೆ. ಅಪ್ಪ ಹಾಕ್ಕೊಂಡ್ರೋ ಇಲ್ವೋ, ನಂಗೆ ಗೊತ್ತೇ ಆಗ್ಲಿಲ್ಲ” ಅಂದರು. ನಾನು ಟೋಪಿಯನ್ನು ದೀಪದ ಹತ್ತಿರ ಹಿಡಿದು ನೋಡಿದೆ. ಬೆವರು ಪಟ್ಟಿ ಸುತ್ತಲೂ ಕಂದು ಕಲೆ. ಹಣೆ ತಾಗೋ ಕಡೆ ನೂಲು ಸವೆದಿದೆ. “ಚೆನ್ನಾಗೇ ಹಾಕ್ಕೊಂಡಿದ್ದಾರೆ ಅತ್ತೆ” ಅಂದೆ.

ನಿಮ್ಮ ಮನೆಯಲ್ಲೂ ಇಂಥ ಟೋಪಿ ಇದ್ದರೆ ಲೇಬಲ್ ಮೊದಲು ನೋಡಿ. ‘ಆರ್‌ಎನ್’ ಅಂತ ನಂಬರ್ ಇದ್ದರೆ ಕಂಪನಿ ಯಾವುದು ಅಂತ ಹುಡುಕಬಹುದು. 13670ರಿಂದ ಮೇಲಿನವು 1959ರಿಂದ ಈಚೆಗೆ ಕೊಟ್ಟವು. ಕಾಲೇಜಿನ ಹೆಸರೂ ಸಾಕ್ಷಿಯೇ. ‘ಒಕ್ಲಹಾಮಾ ಎ ಅಂಡ್ ಎಂ’ 1957ರಲ್ಲಿ ಒಕ್ಲಹಾಮಾ ಸ್ಟೇಟ್ ಆಯ್ತು. ಸ್ಟ್ಯಾನ್‌ಫರ್ಡ್ 1972ರಲ್ಲಿ ‘ಇಂಡಿಯನ್ಸ್’ ಅನ್ನೋ ತಂಡದ ಹೆಸರು ಕೈಬಿಟ್ಟಿತು. ಹಳೇ ಹೆಸರಿನ ಟೋಪಿಯನ್ನು ಈಗಲೂ ಹೊಸದಾಗಿ ಹೊಲಿದು ಮಾರ್ತಾರೆ, ಹಾಗಾಗಿ ಹೆಸರನ್ನೊಂದೇ ನಂಬಬೇಡಿ.

ಫ್ರೇಮ್ ಬಂದಿದೆ. ಕೆಳಗಿನ ಸಾಲು ಅಪ್ಪನೇ ಬರೆಸಿದರು: “ಮಗಳು ಅಪ್ಪನಿಗೆ ತಂದ ಟೋಪಿ. ನಾಕ್ಸ್‌ವಿಲ್, 1980ರ ದಶಕ.”