ಇಂಡಿಯನ್ ಓಪನ್ ಗಾಲ್ಫ್

ಭಾರತದ ರಾಷ್ಟ್ರೀಯ ಮುಕ್ತ ಗಾಲ್ಫ್ ಚಾಂಪಿಯನ್‌ಷಿಪ್. 1964ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಮೊದಲ ವಿಜೇತ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. 1966 ಮತ್ತು 1976ರಲ್ಲೂ ಪ್ರಶಸ್ತಿ ಅವರದೇ. 1965ರಲ್ಲಿ ಭಾರತದ ಹವ್ಯಾಸಿ ಆಟಗಾರ ಪಿ.ಜಿ. ಸೇಥಿ ವೃತ್ತಿಪರರನ್ನು ಹಿಂದಿಕ್ಕಿ ಗೆದ್ದದ್ದು ಇಂದಿಗೂ ಅಚ್ಚರಿಯ ಸಂಗತಿ. ಮತ್ತೊಬ್ಬ ಭಾರತೀಯ ಗೆಲ್ಲಲು 1991ರವರೆಗೆ ಕಾಯಬೇಕಾಯಿತು. ಆಗ ಗೆದ್ದವರು, ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಕ್ಯಾಡಿಯಾಗಿ (ಆಟಗಾರರ ಚೀಲ ಹೊರುವ ಸಹಾಯಕ) ದುಡಿದಿದ್ದ ಅಲಿ ಶೇರ್. 1993ರಲ್ಲೂ ಅವರೇ ವಿಜೇತರು. ಜ್ಯೋತಿ ರಾಂಧವಾ ಮೂರು ಬಾರಿ (2000, 2006, 2007) ಗೆದ್ದು ಥಾಮ್ಸನ್‌ಗೆ ಸರಿಸಮರಾದರು. 2012ರ ಪಂದ್ಯಾವಳಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಲ್ಲಿ ನಡೆಯಿತು. 2015ರ ಅಂತಿಮ ದಿನ ಏಳು ಹೊಡೆತ ಹಿಂದಿದ್ದ ಅನಿರ್ಬನ್ ಲಾಹಿರಿ ಸಮಬಲ ಸಾಧಿಸಿ, ಪ್ಲೇ-ಆಫ್‌ನ ಮೊದಲ ಕುಳಿಯಲ್ಲೇ ಬರ್ಡಿ (ನಿಗದಿಗಿಂತ ಒಂದು ಕಡಿಮೆ ಹೊಡೆತ) ಹೊಡೆದು ಎಸ್.ಎಸ್.ಪಿ. ಚೌರಾಸಿಯಾ ಅವರನ್ನು ಮಣಿಸಿದರು. 2016 ಮತ್ತು 2017ರ ಪ್ರಶಸ್ತಿಗಳು ಚೌರಾಸಿಯಾ ಪಾಲಾದವು.