ಅಟ್ಟದ ಮೇಲಿಟ್ಟ ಆಟಿಕೆ

ಇಟ್ಟ ವಸ್ತುವಿಗೆ ಬೆಲೆ ಬರುತ್ತದೆಂಬ ಮಾತನ್ನು ಹಂದನಕೆರೆಯ ಸೀಮೆಯವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೋಟದವರು ಬಲಿತ ತೆಂಗಿನಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಸದ್ದು ಮಾಡುವಂತಾದಾಗ ಅದು ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಆದರೆ ಹೆಚ್ಚು ಕಾಲ ಮರೆತರೆ ಹುಳು ಹಿಡಿಯುತ್ತದೆ. ಸಕಾಲಕ್ಕೆ ಇಳಿಸಿದರೂ ಆ ವಾರದ ಧಾರಣೆ ಬಿದ್ದಿರಬಹುದು.

ಕಳೆದ ಬೇಸಿಗೆಯಲ್ಲಿ ಇಂಥ ಒಂದು ಅಟ್ಟದ ಕೆಳಗೆ ಕುಳಿತಿದ್ದಾಗ, ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ತಮ್ಮನ ಮಗ ವಿಡಿಯೋ ಗೇಮಿನ ಒಂದು ಪೆಟ್ಟಿಗೆಯನ್ನು ತಂದು ತೋರಿಸಿದ. ಆಟದ ಜೊತೆಗೆ ಒಂದು ಬೊಂಬೆ, ಒಂದು ನಕ್ಷೆ, ಒಂದು ಚಿತ್ರಪುಸ್ತಕ. ಅವನು ಅದನ್ನು ಬೋನಸ್ ಎಂದ. ನಮ್ಮ ಸಂತೆಯ ಮಾತಿನಲ್ಲಿ ಅದು ಕೊಸರು.

“ದೊಡ್ಡಪ್ಪ, ಒಡೆಯದೆ ಇಟ್ಟರೆ ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಆಗುತ್ತಂತೆ. ಸಾಲ ಮಾಡಿಯಾದರೂ ಇನ್ನೂ ಹತ್ತು ತಗೊಳ್ಳೋಣ ಅಂತಿದೀನಿ” ಎಂದ.

ಸಾಲದ ಮಾತು ಬಂದಮೇಲೆ ಸುಮ್ಮನಿರಲಾಗಲಿಲ್ಲ. ಆಟಿಕೆಯ ಬೆಲೆಗೂ ಒಂದು ಇತಿಹಾಸವುಂಟು.

ಬಾಬರನು ೧೫೨೭ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದುದಾಗಿ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಮೊಗಲರ ೯೬ ಎಲೆಗಳ ಆಟ ಹಿಂದೂ ಮನೆಗಳಲ್ಲಿ ೧೨೦ ಎಲೆಗಳ ದಶಾವತಾರವಾಯಿತು. ಮೈಸೂರಿನಲ್ಲಿ ಅದಕ್ಕೆ ಪರಮಪೋಷಕರಾದವರು ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮). ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಅರಸರಿಗೆ ಉಳಿದದ್ದು ಅರಮನೆ ಮತ್ತು ಅಪಾರ ಬಿಡುವು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವರು ವಿವರಿಸಿರುವ ಆಟಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಮಿಕ್ಕ ಎಲೆಗಳು ಬೇಕು. ಪ್ರತಿಯೊಂದು ಎಲೆಯೂ ಕೈಯಿಂದ ಬರೆದ ಚಿತ್ರ.

ಬಳಿಕ ಅಚ್ಚಿನ ಅಗ್ಗದ ಇಸ್ಪೀಟು ಬಂದಿತು. ಗಂಜೀಫಾ ಮೂಲೆ ಸೇರಿತು. ಎಲೆಗಳು ಕಳೆದವು, ಸವೆದವು, ಒಲೆಯನ್ನೂ ಸೇರಿದವು. ಯಾರಿಗೂ ಬೇಡವಾದ ಆ ಕಾಲವೇ ಅದರ ಬೆಲೆಯ ಬೀಜ ಬಿತ್ತಿತೆನ್ನಬೇಕು. ಅಳಿದುಳಿದ ಕಟ್ಟುಗಳನ್ನು ರುಡಾಲ್ಫ್ ಫಾನ್ ಲೈಡನ್‌ರಂಥ ವಿದ್ವಾಂಸರು ಹುಡುಕಿ ಕೂಡಿಸಿದರು. ೧೯೮೨ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಗಂಜೀಫಾದ ಪ್ರದರ್ಶನವೇ ನಡೆಯಿತು. ಇಲ್ಲಿ ರಘುಪತಿ ಭಟ್ಟರು ಆ ಕಲೆಗೆ ಮತ್ತೆ ಜೀವ ತುಂಬಿದರು.

ಕೊಸರಿನ ಕಥೆಯೂ ಇದೇ. ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಪ್ರಾಣಿ ಬರುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬೇಕು. ಮಕ್ಕಳು ಕಳೆದುಹಾಕಿದರೆಂದೇ ಈಗ ಹವ್ಯಾಸಿಗಳು ಅದಕ್ಕೆ ಹಣ ಕೊಡುತ್ತಾರೆ.

ವಿಡಿಯೋ ಗೇಮಿನ ಲೋಕವೂ ಈ ನಿಯಮವನ್ನು ಮೀರಿಲ್ಲ. ೧೯೮೨ರಲ್ಲಿ ಅಟಾರಿ ಕಂಪನಿ ತಂದ ‘ಇ.ಟಿ.’ ಎಂಬ ಆಟದ ಬಹಳಷ್ಟು ಪ್ರತಿಗಳು ಬಿಕರಿಯಾಗದೆ ಉಳಿದವು. ಮರುವರ್ಷ ಅದರ ಕಾರ್ಟ್ರಿಜ್‌ಗಳನ್ನು ಇತರ ಸರಕಿನೊಡನೆ ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತರು. ೨೦೧೪ರಲ್ಲಿ ಅಗೆದು ತೆಗೆದಾಗ ಎಂಟುನೂರಕ್ಕೂ ಮಿಕ್ಕ ಕಾರ್ಟ್ರಿಜ್‌ಗಳು ಹರಾಜಿನಲ್ಲಿ ಒಟ್ಟು ಒಂದು ಲಕ್ಷ ಡಾಲರಿಗೂ ಹೆಚ್ಚು ತಂದವು. ೧೯೯೬ರ ‘ಸೂಪರ್ ಮಾರಿಯೋ ೬೪’ರ ಮೊಹರು ಒಡೆಯದ ಒಂದು ಪ್ರತಿ ೨೦೨೧ರ ಜುಲೈಯಲ್ಲಿ ಹದಿನೈದು ಲಕ್ಷ ಅರವತ್ತು ಸಾವಿರ ಡಾಲರಿಗೆ ಹೋಯಿತು. ಕೊಂಡವರೆಲ್ಲ ಒಡೆದು ಆಡಿದ್ದರಿಂದಲೇ ಒಡೆಯದ ಒಂದಕ್ಕೆ ಆ ಯೋಗ. ‘ಸಂಗ್ರಹಯೋಗ್ಯ’ ಎಂದು ಕಂಪನಿಯೇ ಮುದ್ರೆಯೊತ್ತಿ ಮಾರಿದ್ದನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಎಲ್ಲರ ಅಟ್ಟದಲ್ಲೂ ಇರುವುದಕ್ಕೆ ಯಾರು ಹೆಚ್ಚು ಕೊಟ್ಟಾರು?

ಕೈಗೆ ಸಿಗದ ಕೊಸರಿನ ಗತಿಯಂತೂ ಇನ್ನೂ ಅನಿಶ್ಚಿತ. ತೆರೆಯ ಮೇಲಿನ ಕತ್ತಿ ಕವಚಗಳನ್ನೂ ಜನ ಕೊಂಡು ಮಾರುತ್ತಾರೆಂಬುದು ನಿಜ. ಆದರೆ ೨೦೨೪ರ ಮಾರ್ಚಿ ಕೊನೆಯಲ್ಲಿ ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಆಟದ ಸರ್ವರನ್ನು ನಿಲ್ಲಿಸಿದಾಗ, ಆಟವೂ ಅದರೊಳಗೆ ಗಳಿಸಿದ ಕಾರುಗಳೂ ಒಟ್ಟಿಗೆ ಹೋದವು. ಬೇರೆಯವರ ಅಟ್ಟದಲ್ಲಿಟ್ಟ ಕಾಯಿಯನ್ನು ನಮ್ಮದೆನ್ನುವುದು ಹೇಗೆ?

“ಸಾಲ ಬೇಡ ಕಣಪ್ಪ” ಎಂದೆ. “ಇದೊಂದು ಇರಲಿ. ಒಡೆಯುವುದೂ ಬಿಡುವುದೂ ನಿನ್ನಿಷ್ಟ.”

ಅಟ್ಟದ ಮೂಲೆಯಲ್ಲಿ ನಮ್ಮಜ್ಜಿಯ ಅಳಗುಳಿಮನೆ ಇತ್ತು. ಹುಣಿಸೆಬೀಜ ಹಾಕಿ ತೆಗೆದು ಗುಳಿಗಳ ಅಂಚು ಸವೆದಿತ್ತು. ಹಿಂದಿನ ವರ್ಷ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಅದಕ್ಕೆ ಒಳ್ಳೆಯ ಬೆಲೆಯನ್ನೇ ಹೇಳಿದ್ದ. ಅಜ್ಜಿ ಅದನ್ನು ಬೆಲೆ ಬರಲೆಂದು ಇಟ್ಟವಳಲ್ಲ. ಆಡಿ, ಒರೆಸಿ, ನಾಳೆಗೆಂದು ಎತ್ತಿಟ್ಟವಳು. ಹುಡುಗ ಅದನ್ನು ಕೆಳಗಿಳಿಸಿ ಧೂಳು ಝಾಡಿಸಿದ. ಹುಣಿಸೆಬೀಜಕ್ಕೆ ಅಡುಗೆಮನೆಗೆ ಹೋದ. ಅವನ ಪೆಟ್ಟಿಗೆ ಇನ್ನೂ ಜಗಲಿಯ ಮೇಲೆ, ಒಡೆಯದೆ, ಹಾಗೆಯೇ ಇತ್ತು.